ಮಳೆ ತಡೆದ ಕಾಡು

ನಿತ್ಯಹರಿದ್ವರ್ಣ ಕಾಡು ಎಂದರೇನು ಎಂದು ಕೇಳಿದರೆ "ವರ್ಷವಿಡೀ ಎಲೆ ಉದುರಿಸದ ಕಾಡು" ಎಂದು ಉತ್ತರಿಸುವಿರಿ. ಪಠ್ಯಪುಸ್ತಕದ ಈ ಉತ್ತರ ತಪ್ಪೆನ್ನುವಂತಿಲ್ಲ; ಪೂರ್ತಿ ಸರಿಯೂ ಅಲ್ಲ. ಈ ಮರಗಳೂ ಎಲೆ ಉದುರಿಸುತ್ತವೆ. ಎಲ್ಲವನ್ನೂ ಒಂದೇ ಸಲಕ್ಕೆ ಉದುರಿಸುವುದಿಲ್ಲ, ಅಷ್ಟೆ. ಹಳೆಯದು ಬೀಳುತ್ತಿದ್ದಂತೆ ಹೊಸದು ಚಿಗುರುವುದರಿಂದ ಮರ ಸದಾ ಹಸಿರಾಗಿ ಕಾಣುತ್ತದೆ. ನಮ್ಮ ತೇಗ, ಮತ್ತಿ ಮರಗಳು ಬೇಸಗೆಯಲ್ಲಿ ಎಲೆ ಕಳಚಿ ನೀರಿನ ಖರ್ಚನ್ನು ನಿಲ್ಲಿಸಿಬಿಡುತ್ತವೆ. ನಿತ್ಯಹರಿದ್ವರ್ಣ ಮರಕ್ಕೆ ಆ ಅನುಕೂಲ ಇಲ್ಲ. ಎಲೆ ಇರುವವರೆಗೆ ಬಾಷ್ಪವಿಸರ್ಜನೆ ಇದ್ದೇ ಇದೆ. ಬೇರು ನೀರು ಒದಗಿಸುತ್ತಲೇ ಇರಬೇಕು.

ಒಂದು ವರ್ಷ ಮಳೆ ಕೈಕೊಟ್ಟರೆ ಇಂಥ ಮರ ಹೇಗೋ ತಡೆದುಕೊಳ್ಳಬಹುದು. ಹತ್ತು ವರ್ಷ, ಇಪ್ಪತ್ತು ವರ್ಷ ಮಳೆ ಕಡಿಮೆಯಾಗಿಯೇ ಉಳಿದರೆ? ಮರ ಹೊಂದಿಕೊಳ್ಳುವುದೇ, ಸಾಯುವುದೇ? ಸತ್ತರೆ ಯಾವುದು ಮೊದಲು? ಕೇಳಲು ಸುಲಭವಾದ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಾಡಿಗೇ ಛಾವಣಿ ಹಾಕಬೇಕಾಯಿತು. ಆ ಕತೆಯನ್ನು ನಿಮಗೆ ಹೇಳಬೇಕಿದೆ.

ಹದಿನೆಂಟು ಮೀಟರ್ ಆಳದ ಬೇರು

ಕತೆ ನಡೆದದ್ದು ಬಹುಮಟ್ಟಿಗೆ ಬ್ರೆಜಿಲ್ ದೇಶದ ಪಾರಾ ರಾಜ್ಯದಲ್ಲಿ, ಅಮೆಜಾನ್ ಕಾಡಿನ ಪೂರ್ವ ಭಾಗದಲ್ಲಿ. ಅಮೆಜಾನ್ ಎಂದೊಡನೆ ದಿನವೂ ಮಳೆ ಸುರಿಯುವ ಜಾಗವೆಂದು ನಾವು ಭಾವಿಸುತ್ತೇವೆ. ಪೂರ್ವ ಅಮೆಜಾನಿನ ಅನೇಕ ಕಡೆ ವರ್ಷದಲ್ಲಿ ಐದಾರು ತಿಂಗಳು ಮಳೆ ತೀರಾ ಕಡಿಮೆ. ಆದರೂ ಕಾಡು ಹಸಿರಾಗಿಯೇ ಇರುತ್ತದೆ. ಇದು ಹೇಗೆ?

ಡೇನಿಯಲ್ ನೆಪ್‌ಸ್ಟಾಡ್ ಮತ್ತು ಸಂಗಡಿಗರು ಪರಗೊಮಿನಾಸ್ ಎಂಬಲ್ಲಿ ಬಾವಿಯಂಥ ಗುಂಡಿಗಳನ್ನು ತೋಡಿ ನೋಡಿದರು. ಉಷ್ಣವಲಯದ ಮಳೆಕಾಡಿನ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ ಎಂಬುದು ಅಲ್ಲಿಯವರೆಗಿನ ಸಾಮಾನ್ಯ ತಿಳಿವಳಿಕೆ. ಬಹುಪಾಲು ಬೇರುಗಳ ಮಟ್ಟಿಗೆ ಅದು ನಿಜವೇ. ಆದರೆ ಕೆಲವು ಬೇರುಗಳು 18 ಮೀಟರ್ ಆಳಕ್ಕೂ ಇಳಿದಿದ್ದವು. ಆರು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಲದಲ್ಲಿ ಹೂತರೆ ಎಷ್ಟು ಆಳವೋ ಅಷ್ಟು! ಒಣ ತಿಂಗಳುಗಳಲ್ಲಿ ಮರಗಳು ಈ ಆಳದ ತೇವವನ್ನು ಹೀರುತ್ತಿದ್ದವು. ಬ್ರೆಜಿಲಿನ ಅಮೆಜಾನ್ ಕಾಡಿನ ಸುಮಾರು ಅರ್ಧ ಭಾಗ ಹೀಗೆ ಆಳದ ಬೇರುಗಳ ನೆರವಿನಿಂದಲೇ ಹಸಿರಾಗಿ ಉಳಿದಿದೆ ಎಂದು 1994ರಲ್ಲಿ ಅವರು 'ನೇಚರ್' ಪತ್ರಿಕೆಯಲ್ಲಿ ವಾದಿಸಿದರು.

ಇದರ ಅರ್ಥ ಇಷ್ಟೆ: ಕಾಡಿಗೆ ನೆಲದಡಿಯಲ್ಲಿ ನೀರಿನ ಠೇವಣಿ ಇದೆ. ಬೇಸಗೆಯಲ್ಲಿ ಅದರಿಂದ ತೆಗೆಯುತ್ತದೆ, ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ. ತುಂಬುವುದು ಕಡಿಮೆಯಾಗಿ ತೆಗೆಯುವುದು ಮಾತ್ರ ಹಾಗೆಯೇ ಮುಂದುವರಿದರೆ ಏನಾಗುತ್ತದೆಂದು ಯಾರೂ ಕಂಡಿರಲಿಲ್ಲ.

ಆ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಎಚ್ಚರಿಕೆ ಬಂತು. 2000ದಲ್ಲಿ ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಪೀಟರ್ ಕಾಕ್ಸ್ ಮತ್ತು ಸಹೋದ್ಯೋಗಿಗಳು ಹವಾಗುಣದ ಮಾದರಿಗೆ ಕಾಡು ಮತ್ತು ಇಂಗಾಲದ ಚಕ್ರವನ್ನೂ ಜೋಡಿಸಿ ಗಣಕದಲ್ಲಿ ಓಡಿಸಿದರು. ಭೂಮಿ ಬಿಸಿಯಾದಂತೆ ಅಮೆಜಾನಿನಲ್ಲಿ ಮಳೆ ಕುಗ್ಗಿ, 21ನೇ ಶತಮಾನದಲ್ಲೇ ಕಾಡಿನ ದೊಡ್ಡ ಭಾಗ ನಶಿಸುವುದೆಂದು ಮಾದರಿ ತೋರಿಸಿತು. ಸತ್ತ ಮರಗಳ ಇಂಗಾಲ ಗಾಳಿಗೆ ಸೇರಿ ಭೂಮಿಯನ್ನು ಇನ್ನಷ್ಟು ಬಿಸಿ ಮಾಡುವುದೆಂಬ ಆತಂಕವೂ ಜೊತೆಗಿತ್ತು. ಮುಂದಿನ ಮಾದರಿಗಳು ಇಷ್ಟು ಕಠೋರವಾದ ಭವಿಷ್ಯವನ್ನು ಹೇಳಲಿಲ್ಲ ಎಂಬುದನ್ನೂ ಇಲ್ಲಿಯೇ ಸೇರಿಸಬೇಕು. ಆದರೆ ಗಣಕದೊಳಗಿನ ಮರಕ್ಕೂ ನೆಲದ ಮೇಲಿನ ಮರಕ್ಕೂ ಹೋಲಿಕೆ ಎಷ್ಟು? ಅದನ್ನು ಅಳೆಯಲು ನಿಜವಾದ ಕಾಡೇ ಬೇಕು.

ಕಾಡಿಗೆ ಪ್ಲಾಸ್ಟಿಕ್ ಛಾವಣಿ

ಕುಂಡದ ಗಿಡಕ್ಕೆ ನೀರು ನಿಲ್ಲಿಸುವುದು ಸುಲಭ. ನಲವತ್ತು ಮೀಟರ್ ಎತ್ತರದ ಮರಕ್ಕೆ ಮಳೆ ನಿಲ್ಲಿಸುವುದು ಹೇಗೆ? ಮರದ ಮೇಲೆ ಛಾವಣಿ ಹಾಕಲು ಸಾಧ್ಯವಿಲ್ಲ. ಹಾಕಿದರೂ ಬಿಸಿಲು ತಪ್ಪುತ್ತದೆ. ವಿಜ್ಞಾನಿಗಳು ಮರದ ಕೆಳಗೆ ಛಾವಣಿ ಹಾಕಿದರು! ಎಲೆಗಳ ಹಂದರದಿಂದ ತೊಟ್ಟಿಕ್ಕುವ ನೀರನ್ನು ನೆಲ ಮುಟ್ಟುವ ಮೊದಲೇ ಹಿಡಿದು ಹೊರಕ್ಕೆ ಹರಿಸುವ ಉಪಾಯ ಇದು. ನೆಲದಿಂದ ಒಂದೆರಡು ಮೀಟರ್ ಮೇಲೆ ಮರದ ಚೌಕಟ್ಟು, ಅದರ ಮೇಲೆ ಸಾವಿರಾರು ಪ್ಲಾಸ್ಟಿಕ್ ಹಾಳೆಗಳು, ಕಾಂಡಗಳಿಗೆ ಜಾಗ ಬಿಟ್ಟು ಸುತ್ತ ಜೋಡಿಸಿದ ದೋಣಿಗಳು. ಪಕ್ಕದ ನೆಲದಿಂದ ನೀರು ಜಿನುಗಿ ಒಳಬರದಂತೆ, ಬೇರುಗಳು ಕದ್ದು ಹೊರಹೋಗದಂತೆ, ತಾಕಿನ ಸುತ್ತ ಕಂದಕ. ಹಾಳೆಯ ಮೇಲೆ ಬಿದ್ದ ತರಗೆಲೆಯನ್ನು ಮತ್ತೆ ನೆಲಕ್ಕೆ ಸೇರಿಸುವ ಕೆಲಸ ಬೇರೆ. ಇಲ್ಲವಾದರೆ ನೀರಿನ ಕೊರತೆಯ ಜೊತೆ ಗೊಬ್ಬರದ ಕೊರತೆಯೂ ಸೇರಿ, ಯಾವುದರ ಪರಿಣಾಮ ಯಾವುದೆಂದು ತಿಳಿಯದಾಗುತ್ತದೆ.

ಇಂಥ ಎರಡು ಪ್ರಯೋಗಗಳು ನಡೆದವು. ಒಂದು, ಸಾಂಟರೆಮ್ ಪಟ್ಟಣದ ಬಳಿಯ ತಪಾಜೋಸ್ ಕಾಡಿನಲ್ಲಿ ನೆಪ್‌ಸ್ಟಾಡ್ ತಂಡ 2000ದಿಂದ 2004ರವರೆಗೆ ನಡೆಸಿದ್ದು. ಇನ್ನೊಂದು, ಬೆಲೆಮ್ ನಗರದ ಪಶ್ಚಿಮಕ್ಕಿರುವ ಕಶಿವಾನಾ ಕಾಡಿನಲ್ಲಿ 2002ರ ಆರಂಭದಲ್ಲಿ ಶುರುವಾದದ್ದು. ಪಾರಾ ವಿಶ್ವವಿದ್ಯಾಲಯದ ಆಂಟೋನಿಯೊ ಕಾರ್ಲೋಸ್ ಲೋಲಾ ದ ಕೋಸ್ಟಾ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮೀರ್ ಇದರ ಮುಂದಾಳುಗಳು. ಎರಡರಲ್ಲೂ ತಾಕಿನ ವಿಸ್ತಾರ ಒಂದು ಹೆಕ್ಟೇರ್. ಪಕ್ಕದಲ್ಲಿ ಹೋಲಿಕೆಗೆಂದು ಛಾವಣಿಯಿಲ್ಲದ ಇನ್ನೊಂದು ಹೆಕ್ಟೇರ್. ತಪಾಜೋಸ್‌ನಲ್ಲಿ ಮಳೆಗಾಲದಲ್ಲಿ ಮಾತ್ರ ಹಾಳೆ ಹೊದಿಸುತ್ತಿದ್ದರು. ಕಶಿವಾನಾದಲ್ಲಿ ವರ್ಷವಿಡೀ, ನೆಲ ಸೇರುವ ನೀರಿನ ಸುಮಾರು ಅರ್ಧವನ್ನು ತಡೆಯಲಾಯಿತು.

ಒಂದೇ ಒಂದು ತಾಕು, ಪುನರಾವರ್ತನೆ ಇಲ್ಲ ಎಂದು ಸಂಖ್ಯಾಶಾಸ್ತ್ರ ಓದಿದ ನೀವು ಮೂಗು ಮುರಿಯಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದು ಹೆಕ್ಟೇರ್ ಕಾಡಿಗೆ ಛಾವಣಿ ಹಾಕಿ, ಬಿದ್ದ ಕೊಂಬೆಗಳು ಹರಿದ ಹಾಳೆಗಳನ್ನು ವರ್ಷಗಟ್ಟಲೆ ಬದಲಿಸುತ್ತಿರುವುದು ಎಂಥ ದುಡಿಮೆ ಎಂಬುದನ್ನೂ ಊಹಿಸಿರಿ.

ಮೊದಲು ಉರುಳಿದ್ದು ದೊಡ್ಡವು

ಮೊದಲ ಒಂದೆರಡು ವರ್ಷ ಅಂಥ ಅನಾಹುತವೇನೂ ಕಾಣಲಿಲ್ಲ. ಕಾಂಡದ ಬೆಳವಣಿಗೆ ನಿಧಾನವಾಯಿತು. ಪತ್ರರಂಧ್ರಗಳು ಹೆಚ್ಚು ಹೊತ್ತು ಮುಚ್ಚಿಕೊಂಡವು. ಹಂದರ ಸ್ವಲ್ಪ ತೆಳುವಾಯಿತು. ನೆಲದಡಿಯ ಠೇವಣಿ ಕರಗುತ್ತಿತ್ತು. ತಪಾಜೋಸ್‌ನಲ್ಲಿ 11 ಮೀಟರ್ ಆಳದವರೆಗಿನ ಮಣ್ಣಿನ ತೇವವನ್ನು ಅಳೆಯುತ್ತಿದ್ದರು. ಸುಮಾರು ಮೂರು ವರ್ಷ ತುಂಬುವ ಹೊತ್ತಿಗೆ ಮರಗಳು ಸಾಯತೊಡಗಿದವು.

ಯಾವ ಮರಗಳು? ಆಳಕ್ಕೆ ಬೇರಿಳಿಸಿದ ದೊಡ್ಡ ಮರಗಳು ಉಳಿದು, ಮೇಲ್ಮಣ್ಣನ್ನೇ ನಂಬಿದ ಸಣ್ಣವು ಸಾಯಬೇಕೆಂದು ನಿಮಗೆ ಅನ್ನಿಸಬಹುದು. ಆದದ್ದು ತಿರುಗುಮುರುಗು. ತಪಾಜೋಸ್‌ನ 2007ರ ವರದಿಯ ಪ್ರಕಾರ, ಎದೆಮಟ್ಟದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ವ್ಯಾಸವುಳ್ಳ ಮರಗಳ ಸಾವಿನ ದರ ನಾಲ್ಕೂವರೆ ಪಟ್ಟು ಏರಿತ್ತು. 10ರಿಂದ 30 ಸೆಂಟಿಮೀಟರ್ ವ್ಯಾಸದ ಮಧ್ಯಮ ಮರಗಳಲ್ಲಿ ಅದು ಎರಡು ಪಟ್ಟು. ಅದಕ್ಕಿಂತ ಸಣ್ಣವುಗಳಿಗೆ ಅಷ್ಟು ಪೆಟ್ಟು ಬಿದ್ದಿರಲಿಲ್ಲ. ಮರವೇರುವ ದಪ್ಪ ಬಳ್ಳಿಗಳು ಮರಗಳಿಗಿಂತಲೂ ಬೇಗ ಸತ್ತವು. ಕಶಿವಾನಾದಲ್ಲೂ ಹೀಗೆಯೇ, ದೊಡ್ಡ ಮರಗಳದ್ದೇ ಮೊದಲ ಸರದಿ. ಅಲ್ಲಿ ಹೆಚ್ಚು ಬಲಿಯಾದವುಗಳಲ್ಲಿ ಪೌಟೇರಿಯ ಎಂಬ ಕುಲವೂ ಒಂದು. ನಮ್ಮ ತೋಟಗಳ ಚಿಕ್ಕು ಹಣ್ಣಿನ ಕುಟುಂಬಕ್ಕೇ ಸೇರಿದ್ದು ಅದು.

ಕಾಡಿನ ಒಟ್ಟು ಇಂಗಾಲದ ದೊಡ್ಡ ಪಾಲು ಕೆಲವೇ ಹೆಮ್ಮರಗಳಲ್ಲಿ ಇರುತ್ತದೆ. ಆದ್ದರಿಂದ ಸತ್ತ ಮರಗಳ ಸಂಖ್ಯೆಗಿಂತ ನಷ್ಟದ ತೂಕ ಬಹಳ ದೊಡ್ಡದು. 2013ರಲ್ಲಿ ಹಲವು ಗಣಕ ಮಾದರಿಗಳನ್ನು ಈ ಎರಡು ಪ್ರಯೋಗಗಳ ಫಲಿತಾಂಶಕ್ಕೆ ಹೋಲಿಸಿ ನೋಡಿದಾಗ, ದೀರ್ಘ ಬರದಲ್ಲಿ ಮರಗಳ ಸಾವಿನಿಂದಾಗುವ ಈ ನಷ್ಟವನ್ನು ಮಾದರಿಗಳು ಸರಿಯಾಗಿ ಹೇಳಲಾರವು ಎಂಬುದು ಬಯಲಾಯಿತು. ಏಕೆಂದರೆ ಮರ ಏಕೆ ಸಾಯುತ್ತದೆಂಬುದೇ ಮಾದರಿ ಬರೆದವರಿಗೆ ಸ್ಪಷ್ಟವಿರಲಿಲ್ಲ.

ಹಸಿವೋ, ಬಾಯಾರಿಕೆಯೋ

ಇಲ್ಲಿ ನಾವು ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಹೀರು ಪಂಪಿನಿಂದ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆತ್ತಲಾಗದು ಎಂದು ನೀವು ಭೌತವಿಜ್ಞಾನದ ಪಾಠದಲ್ಲಿ ಓದಿದ್ದೀರಿ. 40 ಮೀಟರಿನ ಮರ ಹೇಗೆ ಎತ್ತುತ್ತದೆ? ಬಾನ್ ನಗರದ ಸ್ಟ್ರಾಸ್‌ಬರ್ಗರ್ ಕಾಂಡದ ಜೀವಕೋಶಗಳನ್ನು ವಿಷದಿಂದ ಕೊಂದ ಮೇಲೂ ದ್ರವ ಮೇಲೇರುವುದನ್ನು ತೋರಿಸಿದ್ದರು. ಅದನ್ನು ಕಂಡುಬಂದ ಡಬ್ಲಿನ್ನಿನ ಹೆನ್ರಿ ಡಿಕ್ಸನ್, ಭೌತವಿಜ್ಞಾನಿ ಜಾನ್ ಜೋಲಿಯ ಜೊತೆ 1894ರಲ್ಲಿ ಒಂದು ಧೈರ್ಯದ ವಿವರಣೆ ಕೊಟ್ಟರು. ಎಲೆಯಿಂದ ನೀರು ಆವಿಯಾದಂತೆ ಕ್ಸೈಲಂ ನಾಳದೊಳಗಿನ ನೀರಿನ ಕಂಬವನ್ನು ಅದು ಮೇಲಕ್ಕೆ ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಕಂಬ ತುಂಡಾಗುವುದಿಲ್ಲ. ಅಂದರೆ ಮರದೊಳಗಿನ ನೀರು ಒತ್ತಡದಲ್ಲಿ ಅಲ್ಲ, ಎಳೆತದಲ್ಲಿದೆ. ನೀರನ್ನು ಹಗ್ಗದಂತೆ ಎಳೆಯುವುದೇ ಎಂದು ನಕ್ಕವರಿದ್ದರು. ನಮ್ಮ ಜಗದೀಶ ಚಂದ್ರ ಬೋಸರೂ ಇದನ್ನು ಒಪ್ಪದೆ, ಜೀವಕೋಶಗಳ ಮಿಡಿತವೇ ರಸವನ್ನು ಮೇಲೇರಿಸುತ್ತದೆಂದು 1923ರಲ್ಲಿ ಪುಸ್ತಕವನ್ನೇ ಬರೆದರು. ಆ ವಾದ ನಿಲ್ಲಲಿಲ್ಲ. 1965ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಎತ್ತರದ ಮರಗಳ ಕೊಂಬೆಗಳನ್ನು ಬಂದೂಕಿನಿಂದ ಹೊಡೆದು ಬೀಳಿಸಿ, ಉಕ್ಕಿನ ಒತ್ತಡ ಪಾತ್ರೆಯಲ್ಲಿಟ್ಟು ಅಳೆದಾಗ, ಎಳೆತ ನಿಜವಾಗಿಯೂ ಹತ್ತಾರು ವಾಯುಭಾರದಷ್ಟು ಇತ್ತು.

ಹಗ್ಗವನ್ನು ಹೆಚ್ಚು ಎಳೆದರೆ ತುಂಡಾಗುತ್ತದೆ. ಮಣ್ಣು ಒಣಗಿದಂತೆ ಎಳೆತ ಹೆಚ್ಚುತ್ತದೆ, ಒಂದು ಹಂತದಲ್ಲಿ ನಾಳದೊಳಕ್ಕೆ ಗಾಳಿ ನುಗ್ಗಿ ನೀರಿನ ಕಂಬ ಕಡಿದುಹೋಗುತ್ತದೆ. ಹೀಗೆ ಕಡಿಯುವಾಗ ಆಗುವ 'ಚಟ್' ಸದ್ದನ್ನು 1966ರಲ್ಲಿ ಮಿಲ್‌ಬರ್ನ್ ಮತ್ತು ಜಾನ್ಸನ್ ಸೂಕ್ಷ್ಮ ಉಪಕರಣದಿಂದ ಕೇಳಿದರು. ಅವರು ಬಳಸಿದ ಸಸ್ಯ ಯಾವುದು ಗೊತ್ತೆ? ನಮ್ಮ ಹೊಲದ ಬದುವಿನ ಹರಳುಗಿಡ! ಗಾಳಿ ತುಂಬಿದ ನಾಳ ಕಟ್ಟಿಕೊಂಡ ಕೊಳವೆಯಿದ್ದಂತೆ. ಅಂಥ ನಾಳಗಳು ಹೆಚ್ಚಾದರೆ ಮರ ಬಾಯಾರಿ ಸಾಯುತ್ತದೆ. ಇದನ್ನು ನೀರ್ವಹನ ವೈಫಲ್ಯ ಎನ್ನೋಣ.

ಇನ್ನೊಂದು ಸಾಧ್ಯತೆ ಹಸಿವಿನದು. ನೀರು ಉಳಿಸಲು ಪತ್ರರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಕೂಡ ಒಳಬಾರದು. ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಕೂಡಿಟ್ಟ ಪಿಷ್ಟ, ಸಕ್ಕರೆ ಮುಗಿದ ದಿನ ಮರ ಸಾಯಬೇಕು. ಅಮೆರಿಕದ ನೈಋತ್ಯ ಭಾಗದಲ್ಲಿ 2000ದ ನಂತರದ ಬರದಲ್ಲಿ ಪಿನ್ಯೋನ್ ಎಂಬ ಪೈನ್ ಮರಗಳು ರಾಶಿರಾಶಿಯಾಗಿ ಸತ್ತು, ಪಕ್ಕದಲ್ಲೇ ಇದ್ದ ಜೂನಿಪರ್ ಮರಗಳು ಬಹುಮಟ್ಟಿಗೆ ಉಳಿದಿದ್ದವು. ಎರಡೂ ಸದಾ ಹಸಿರಿನ ಮರಗಳೇ. ಪಿನ್ಯೋನ್ ಬೇಗನೆ ರಂಧ್ರ ಮುಚ್ಚುವ ಜಾಗರೂಕ ಜಾತಿ, ಜೂನಿಪರ್ ಎಳೆತ ಎಷ್ಟೇ ಏರಿದರೂ ರಂಧ್ರ ತೆರೆದಿಟ್ಟು ದುಡಿಯುವ ಜಾತಿ. ಹಸಿವಿನ ವಾದಕ್ಕೆ ಇದು ಇಂಬು ಕೊಟ್ಟಿತು. 2008ರಲ್ಲಿ ನೇಟ್ ಮ್ಯಾಕ್‌ಡವೆಲ್ ಮತ್ತಿತರರು ಈ ಎರಡೂ ಸಾಧ್ಯತೆಗಳನ್ನು ಎದುರುಬದುರು ನಿಲ್ಲಿಸಿ ಬರೆದ ಲೇಖನದಿಂದ ಚರ್ಚೆ ಕಾವೇರಿತು.

ತೀರ್ಪು ಹೇಳುವ ಅವಕಾಶ ಕಶಿವಾನಾಕ್ಕೆ ಒದಗಿತು. ಅಷ್ಟು ದೀರ್ಘಕಾಲ ಮಳೆ ತಡೆದ ಮಳೆಕಾಡು ಬೇರೆಲ್ಲೂ ಇರಲಿಲ್ಲ. ಲೂಸಿ ರೋಲೆಂಡ್ ಮತ್ತು ಸಂಗಡಿಗರು ಅಲ್ಲಿಯ ಮರಗಳ ಸಕ್ಕರೆ, ಪಿಷ್ಟ ಅಳೆದರು. ಛಾವಣಿಯ ಮರಗಳಲ್ಲೂ ಪಕ್ಕದ ತಾಕಿನ ಮರಗಳಲ್ಲೂ ದಾಸ್ತಾನು ಹೆಚ್ಚುಕಡಿಮೆ ಒಂದೇ ಇತ್ತು. ಉಗ್ರಾಣ ಬರಿದಾಗಿರಲಿಲ್ಲ. ನಾಳಗಳ ಸ್ಥಿತಿ ಮಾತ್ರ ಗಂಭೀರವಾಗಿತ್ತು. ಉಷ್ಣವಲಯದ ಕಾಡಿನಲ್ಲಿ ಬರದ ಸಾವಿಗೆ ನೀರ್ವಹನ ವೈಫಲ್ಯವೇ ಮೊದಲ ಕಾರಣ, ಹಸಿವಲ್ಲ ಎಂದು 2015ರ ಅವರ ವರದಿ ಹೇಳಿತು. ದೊಡ್ಡ ಮರಗಳು ಮೊದಲು ಉರುಳಿದ್ದೇಕೆ ಎಂಬುದಕ್ಕೂ ಇದು ಹೊಂದುತ್ತದೆ. ಎತ್ತರ ಹೆಚ್ಚಾದಷ್ಟೂ ಕಂಬ ಉದ್ದ, ನೆತ್ತಿಯ ಮೇಲೆ ಬಿಸಿಲೂ ಒಣಗಾಳಿಯೂ ಹೆಚ್ಚು, ಎಳೆತವೂ ಹೆಚ್ಚು.

ಮಳೆಕಾಡಿನ ಮರ ನೀರಿನ ವಿಷಯದಲ್ಲಿ ಸುಖಜೀವಿ, ಅಪಾಯದಿಂದ ದೂರ ಎಂದು ನಾವು ತಿಳಿಯುತ್ತೇವೆ. ಬ್ರೆಂಡನ್ ಚೋಟ್ ಮತ್ತಿತರರು 2012ರಲ್ಲಿ 81 ಸ್ಥಳಗಳ 226 ಜಾತಿಗಳ ಮಾಹಿತಿಯನ್ನು ಒಟ್ಟುಹಾಕಿದಾಗ, ಅವುಗಳಲ್ಲಿ ಶೇ 70ರಷ್ಟು ಜಾತಿಗಳು ನೀರಿನ ಕಂಬ ಕಡಿಯುವ ಅಂಚಿಗೆ ತೀರಾ ಹತ್ತಿರದಲ್ಲೇ ಬಾಳುತ್ತಿದ್ದವು. ಒಣನಾಡಿನ ಮರ, ಮಳೆನಾಡಿನ ಮರ ಎಂಬ ಭೇದ ಇದರಲ್ಲಿ ಇರಲಿಲ್ಲ. ಪ್ರತಿ ಮರವೂ ತನ್ನ ಊರಿನ ಮಳೆಗೆ ತಕ್ಕಂತೆ ನಾಳ ಕಟ್ಟಿಕೊಂಡಿದೆ, ಹೆಚ್ಚಿನ ಭದ್ರತೆ ಇಟ್ಟುಕೊಂಡಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಅಂಶ ಇದು. ಬದುಕಿರುವ ಮರ ತನ್ನ ನಾಳಗಳನ್ನು ಗಟ್ಟಿಗೊಳಿಸಿಕೊಳ್ಳಲಾರದೇ? ಕಶಿವಾನಾದಲ್ಲಿ ಅದನ್ನೂ ನೋಡಿದರು. ದೀರ್ಘಕಾಲ ಬರದಲ್ಲಿದ್ದ ಮರಗಳ ನಾಳಗಳು ಗಾಳಿ ತಡೆಯುವುದರಲ್ಲಿ ಹೆಚ್ಚೇನೂ ಸುಧಾರಿಸಿರಲಿಲ್ಲ ಎಂದು 2020ರಲ್ಲಿ ವರದಿಯಾಯಿತು.

ಇಪ್ಪತ್ತೆರಡು ವರ್ಷಗಳ ನಂತರ

ಹಾಗಾದರೆ ಛಾವಣಿಯ ಕಾಡು ಪೂರ್ತಿ ಸತ್ತಿತೆ? ಇಲ್ಲ. 2025ರಲ್ಲಿ ಪಾಬ್ಲೊ ಸಾಂಚೆಜ್ ಮಾರ್ಟಿನೆಜ್ ಮತ್ತು ಸಂಗಡಿಗರು 22 ವರ್ಷಗಳ ಲೆಕ್ಕ ಮುಂದಿಟ್ಟರು. ಮೊದಲ ಹದಿನೈದು ವರ್ಷಗಳಲ್ಲಿ ಕಾಡು ತನ್ನ ಮರರಾಶಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಆಮೇಲಿನ ಏಳು ವರ್ಷ ಇಳಿಕೆ ನಿಂತಿತು. ಉಳಿದ ಮರಗಳನ್ನು ಪರೀಕ್ಷಿಸಿದರೆ, ಅವು ಪಕ್ಕದ ಸಹಜ ಕಾಡಿನ ಮರಗಳಿಗಿಂತ ಹೆಚ್ಚು ಬಾಯಾರಿರಲಿಲ್ಲ! ಕಾರಣ ಸರಳ. ಬರುವ ನೀರು ಅರ್ಧವಾಗಿದ್ದರೂ ಹಂಚಿಕೊಳ್ಳುವವರು ಕಡಿಮೆಯಾಗಿದ್ದರು. ಹೆಮ್ಮರಗಳು ಸತ್ತು ಬಿಟ್ಟುಹೋದ ನೀರು ಉಳಿದವಕ್ಕೆ ಸಿಕ್ಕಿತು, ಬೆಳಕೂ ಸಿಕ್ಕಿತು.

ಇದನ್ನು 'ಹೊಂದಾಣಿಕೆ' ಎನ್ನಬಹುದು, ಆದರೆ ಯಾರ ಹೊಂದಾಣಿಕೆ ಎಂದು ಕೇಳಿಕೊಳ್ಳಬೇಕು. ಒಂದೊಂದು ಮರವೂ ತನ್ನನ್ನು ಬದಲಿಸಿಕೊಂಡು ಉಳಿಯಲಿಲ್ಲ. ಕೆಲವು ಸತ್ತದ್ದರಿಂದ ಉಳಿದವು ಬದುಕಿದವು. ಕಾಡು ಹುಲ್ಲುಗಾವಲಾಗಿ ಕುಸಿಯಲಿಲ್ಲ ಎಂಬುದು ನೆಮ್ಮದಿಯ ಸಂಗತಿ. ಅದು ಮೊದಲಿನ ಎತ್ತರದ, ಮೊದಲಿನಷ್ಟು ಇಂಗಾಲ ಹೊತ್ತ ಕಾಡಲ್ಲ ಎಂಬುದೂ ಅಷ್ಟೇ ನಿಜ. ಇನ್ನೊಂದು ಎಚ್ಚರ: ಪ್ಲಾಸ್ಟಿಕ್ ಹಾಳೆ ಮಣ್ಣನ್ನು ಮಾತ್ರ ಒಣಗಿಸುತ್ತದೆ. ನಿಜವಾದ ಬರದಲ್ಲಿ ಗಾಳಿಯೂ ಒಣಗುತ್ತದೆ, ಬಿಸಿ ಏರುತ್ತದೆ, ಬೆಂಕಿ ಬೀಳುತ್ತದೆ. 2005, 2010, 2015-16 ಮತ್ತು 2023-24ರಲ್ಲಿ ಅಮೆಜಾನ್ ಕಂಡ ಬರಗಳಲ್ಲಿ ಇವೆಲ್ಲ ಸೇರಿದ್ದವು.

ಛಾವಣಿಯಿಲ್ಲದ ಕಾಡುಗಳ ದಾಖಲೆ ಏನು ಹೇಳುತ್ತದೆ? ಅಮೆಜಾನಿನ ನೂರಕ್ಕೂ ಹೆಚ್ಚು ತಾಕುಗಳ ಮೂವತ್ತು ವರ್ಷಗಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದಾಗ, ಹೊಸದಾಗಿ ಸೇರುತ್ತಿರುವ ಮರಗಳಲ್ಲಿ ಒಣ ಹವೆಗೆ ಒಗ್ಗಿದ ಕುಲಗಳ ಪಾಲು ಹೆಚ್ಚುತ್ತಿತ್ತು. ಆದರೆ ಮರಗಳ ಆಯುಸ್ಸು ದೀರ್ಘವಾದ್ದರಿಂದ ಹವೆ ಬದಲಾಗುವ ವೇಗಕ್ಕೆ ಕಾಡು ಬದಲಾಗುವ ವೇಗ ಸಾಲದು. ಪಶ್ಚಿಮ ಆಫ್ರಿಕದ ಘಾನಾದಲ್ಲಿ 1970ರ ದಶಕದಿಂದ ಮಳೆ ಕುಗ್ಗಿತ್ತು. ಅಲ್ಲಿ ಎಲೆ ಉದುರಿಸುವ, ಬೆಳಕು ಬಯಸುವ ಎತ್ತರದ ಜಾತಿಗಳು ಹೆಚ್ಚಿದವು. ಮರರಾಶಿ ಕುಗ್ಗುವ ಬದಲು ಏರಿತ್ತು ಎಂದು 2012ರ ಅಧ್ಯಯನ ತೋರಿಸಿತು. ಅಮೆಜಾನಿನ ಪಾಠವನ್ನು ಎಲ್ಲ ಕಾಡಿಗೂ ಹಾಗೆಯೇ ಅನ್ವಯಿಸಲಾಗದು.

ಕಾರವಾರದ ಕಡಲ ಕೆಸರು

ನಮ್ಮ ಪಶ್ಚಿಮ ಘಟ್ಟದ ಮಾತೇನು? ಇಲ್ಲಿ ಒಟ್ಟು ಮಳೆಗಿಂತ ಒಣ ತಿಂಗಳುಗಳ ಲೆಕ್ಕವೇ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆಯಾದರೂ ಅದು ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಘಟ್ಟದ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಒಣ ಕಾಲ ಉದ್ದವಾಗುತ್ತದೆ, ಅದರೊಂದಿಗೆ ಕಾಡಿನ ಜಾತಿಗಳೂ ಬದಲಾಗುತ್ತವೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜಾನ್ ಪಿಯರ್ ಪಾಸ್ಕಲ್ 1988ರ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಆ ಸಾಲನ್ನು ಪ್ರಕೃತಿಯೇ ಹಾಸಿಟ್ಟ ಪ್ರಯೋಗವೆಂದು ನೀವು ಓದಬಹುದು.

ಸಾವಿರಾರು ವರ್ಷಗಳ ಲೆಕ್ಕವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಅಹಮದಾಬಾದಿನ ಆರ್. ರಮೇಶ್ ಮತ್ತಿತರರು ನೀಲಗಿರಿಯ ಜೌಗಿನ ಸಸ್ಯಾವಶೇಷದಲ್ಲಿ ಇಂಗಾಲದ ಐಸೊಟೋಪುಗಳನ್ನು ಅಳೆದು 1993ರಲ್ಲಿ ವರದಿ ಮಾಡಿದರು. ಮರಗಳು ಮತ್ತು ಒಣನೆಲದ ಹುಲ್ಲುಗಳು ಇಂಗಾಲ-13ನ್ನು ಬೇರೆಬೇರೆ ಪ್ರಮಾಣದಲ್ಲಿ ಒಳಗೊಳ್ಳುವುದರಿಂದ, ಯಾವ ಕಾಲದಲ್ಲಿ ಯಾವುದು ಮೇಲುಗೈ ಪಡೆದಿತ್ತೆಂದು ತಿಳಿಯಬಹುದು. ಸುಮಾರು 20000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಅಲ್ಲಿ ಒಣ ಹವೆ ಇತ್ತು. ಬಳಿಕ ಮುಂಗಾರು ಬಲಗೊಂಡಿತು. ಆಮೇಲೆ ಮತ್ತೆ ಒಣ ಕಾಲ ಬಂತು.

ಮರುವರ್ಷವೇ, 1994ರಲ್ಲಿ, ಕ್ಯಾರಾಟಿನಿ ಮತ್ತು ಸಂಗಡಿಗರು ಕಾರವಾರದ ಎದುರಿನ ಕಡಲ ತಳದಿಂದ ತೆಗೆದ ಕೆಸರಿನ ಕಂಬಗಳ ಅಧ್ಯಯನವನ್ನು ಪ್ರಕಟಿಸಿದರು. ಘಟ್ಟದಿಂದ ಹೊಳೆಗಳು ಹೊತ್ತು ತಂದ ಪರಾಗ ಆ ಕೆಸರಿನಲ್ಲಿ ಪದರ ಪದರವಾಗಿ ಕೂತಿದೆ. ಸುಮಾರು 3500 ವರ್ಷಗಳ ಹಿಂದಿನಿಂದೀಚೆಗೆ ಕಾಡಿನ ಮರಗಳ ಪರಾಗ ಇಳಿದು ಹುಲ್ಲುಗಾಡಿನ ಪರಾಗ ಏರಿರುವುದನ್ನು ಕಂಡು, ಮಳೆ ಕುಗ್ಗಿದ್ದೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ಆದರೆ ಉತ್ತರ ಕನ್ನಡದ ಕಾಡುಗಳನ್ನು ಬಹುಕಾಲ ಅಧ್ಯಯನ ಮಾಡಿದ ಎಂ. ಡಿ. ಸುಭಾಷ್ ಚಂದ್ರನ್, ಘಟ್ಟದ ಕಾಡಿನ ಚರಿತ್ರೆಯಲ್ಲಿ ಕುಮರಿ ಬೇಸಾಯದ ಕೊಡಲಿ, ಬೆಂಕಿಗಳ ಪಾತ್ರವೂ ಅಷ್ಟೇ ಹಳೆಯದೆಂದು 1997ರಲ್ಲಿ ತೋರಿಸಿದರು. ಬೆಂಕಿಗೆ ಸುಟ್ಟ ಮರ, ನೀರಿಲ್ಲದೆ ಸತ್ತ ಮರ, ಎರಡೂ ಕೆಸರಿನಲ್ಲಿ ಬಿಡುವುದು ಒಂದೇ ಗುರುತನ್ನು: ಪರಾಗ ಕಡಿಮೆಯಾಗುತ್ತದೆ. ಇವೆರಡನ್ನು ಬೇರ್ಪಡಿಸಲು ಕೆಸರಿನಲ್ಲಿಯ ಇದ್ದಿಲ ಚೂರುಗಳನ್ನು, ಹಳೆಯ ವಸತಿಗಳ ಕುರುಹುಗಳನ್ನು ಪರಾಗದ ಜೊತೆಗಿಟ್ಟು ನೋಡಬೇಕಾಗುತ್ತದೆ. ಕಶಿವಾನಾದ ಆ ಒಂದು ಹೆಕ್ಟೇರಿನಲ್ಲಿ ಯಾರೂ ಮರ ಕಡಿಯಲಿಲ್ಲ, ಬೆಂಕಿ ಹಚ್ಚಲಿಲ್ಲ. ಅಲ್ಲಿ ಬದಲಾದದ್ದು ಮಣ್ಣು ಸೇರುವ ನೀರು ಮಾತ್ರ.